ಇಬ್ಬನಿಗೆ ಬಿಟ್ಟ ಮೆಣಸಿನಕಾಯಿ

ಪೂಜ್ಯ ನೀಲಾಂಬಿಕಾ ತಾಯಿಯವರು ಆಗ ಮೆಣಸಿನಕಾಯಿ ಪೇಟೆಯ ಹಿಂದಿದ್ದ ಹಳೆಯ ಗೋದಾಮಿನಲ್ಲಿ ವಾಸವಾಗಿದ್ದರು. ತಗಡಿನ ಮಾಡು, ಸಗಣಿ ಸಾರಿಸಿದ ನೆಲ, ಒಂದು ಮಣ್ಣಿನ ಕೊಡ, ಆಶ್ರಮವೆಂದರೆ ಅಷ್ಟೇ. ಮುಂಜಾನೆ ಬಂದವರಿಗೆ ಯೋಗ ಕಲಿಸುತ್ತಿದ್ದರು. ಗಾಳಿ ತಿರುಗಿದರೆ ಕಾಯಿಯ ಘಾಟು ಒಳಗೆ ನುಗ್ಗಿ ಎಲ್ಲರೂ ಕೆಮ್ಮುತ್ತಿದ್ದರು, ತಾಯಿಯವರೊಬ್ಬರೇ ಕೆಮ್ಮುತ್ತಿರಲಿಲ್ಲ.

ಅಲ್ಲಿಗೆ ದಲಾಲ ಗುರುಶಾಂತಪ್ಪ ಕೊಟಗಿ ಬಂದ. ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಣಗಿದೆಯೋ ಹಸಿಯೋ ಹೇಳಬಲ್ಲ ಗಟ್ಟಿ ವ್ಯಾಪಾರಸ್ಥ. ಆದರೆ ಸೊಂಟ, ಮೊಣಕಾಲು ಬಿಗಿದು, ಲಿಂಗಪೂಜೆಗೂ ಕುರ್ಚಿಯ ಮೇಲೆಯೇ ಕೂರುತ್ತಿದ್ದ. ಅವನ ತಂದೆ ಕೊನೆಯ ದಿನದವರೆಗೂ ನೆಲಕ್ಕೆ ಕೂತು ಅಂಗೈಯ ಲಿಂಗ ನೋಡಿದವರು. ತನಗೆ ಹಾಗೆ ಕೂರಲಾಗದ ಕೊರಗನ್ನು ಅವನು ಹೆಂಡತಿಗೂ ಹೇಳಿರಲಿಲ್ಲ.

ಯೋಗವನ್ನೂ ಅವನು ಮಾಲಿನಂತೆಯೇ ನೋಡಿದ್ದ. ಪಟ್ಟಣದಲ್ಲಿ ಒಬ್ಬರ ಬಳಿ ಬೆವರು ಕೀಳುವ ಸರಸರ ನಮಸ್ಕಾರ, ಇನ್ನೊಬ್ಬರ ಬಳಿ ಪಟ್ಟಿ, ಹಗ್ಗ ಕಟ್ಟಿಕೊಂಡು ಮಾಡುವ ಆಸನ, ಮತ್ತೊಂದೆಡೆ ಹೋದ ಕೂಡಲೇ ಶೀರ್ಷಾಸನ. ಎಲ್ಲದರ ನಮೂನೆ ನೋಡಿ, ಕಡೆಯದರಲ್ಲಿ ಕುತ್ತಿಗೆ ಹಿಡಿಸಿಕೊಂಡು ಬಂದಿದ್ದ.

"ಯಾವದೂ ತಾಳಲಿಲ್ರಿ ತಾಯಿ. ನಿಮ್ಮಲ್ಲಿ ಮೇಲಿನ ಮಾಲು ಯಾವದೈತಿ, ಅದನ್ನ ಕೊಡ್ರಿ," ಎಂದು ಹೊಸ್ತಿಲಲ್ಲೇ ನಿಂತು ಕೇಳಿದ. ಬಗ್ಗಲಾಗದೆ ಕಾಲು ಝಾಡಿಸಿ ಚಪ್ಪಲಿ ಕಳಚಲು ನೋಡುತ್ತಿದ್ದ.

ಯೋಗಕ್ಕೆ ಬಂದಿದ್ದ, ಪೇಟೆಯಲ್ಲಿ ಕಾಯಿ ಆರಿಸುವ ದ್ಯಾಮವ್ವ ಚಾಪೆಯ ಮೇಲಿಂದಲೇ ನಕ್ಕಳು. "ಮೇಲಿನ ಮಾಲು ಇರ್ಲಿ ಸಾವಕಾರ್ರ, ಮೊದಲ ಕೆಳಗಿನ ಚಪ್ಪಲಿ ಬಿಚ್ರಿ."

ತಾಯಿಯವರು ನಗಲಿಲ್ಲ. "ಒಣಕಾಯಿ ಚೀಲಕ್ಕ ಹೆಂಗ ತುಂಬತೀರಿ?" ಎಂದು ಕೇಳಿದರು.

ಇದೇನು ಪ್ರಶ್ನೆ ಎಂದು ಅವನಿಗೆ ಸಿಟ್ಟೇ ಬಂತು. ಆದರೂ ವಿವರಿಸಿದ. ಒಣಗಿದ್ದನ್ನು ಹಾಗೇ ಚೀಲಕ್ಕೆ ಹಾಕಿ ತುಳಿದರೆ ಕಾಯಿ ಮುರಿದು ಬೀಜ ಚೆಲ್ಲುತ್ತದೆ. ಕಣದಲ್ಲಿ ಇಬ್ಬನಿಗೆ ಬಿಟ್ಟರೆ ಬೆಳಗಾಗುವಷ್ಟರಲ್ಲಿ ತೊಗಲಿನಂತೆ ಮೆತ್ತಗಾಗುತ್ತದೆ. ಆಮೇಲೆ ಎಷ್ಟು ತುಳಿದರೂ ತಾಳುತ್ತದೆ. ಪೇಟೆಯಲ್ಲಿ ಇದು ಯಾರಿಗೆ ಗೊತ್ತಿಲ್ಲ?

"ಮತ್ತ ನಿಮ್ಮ ಮೈ ಏನು ಪಾಪ ಮಾಡಿತ್ತು? ಅದನ್ನ ಒಣಗಿದ್ದು ಒಣಗಿದಂಗ ತುಳದೀರಲ್ಲ."

ಗುರುಶಾಂತಪ್ಪ ಹೇಗೋ ಚಪ್ಪಲಿ ಕಳಚಿ ಒಳಗೆ ಬಂದ.

ಯಾವ ಪದ್ಧತಿಯೂ ಕೀಳಲ್ಲವೆಂದು ತಾಯಿಯವರು ತಿಳಿಸಿದರು. ಸರಸರನೆ ಮಾಡುವುದು ಮೈ ಕಾಯಿಸುತ್ತದೆ, ಪಟ್ಟಿ ಹಿಡಿದು ಮಾಡುವುದು ಮೈ ನೆಟ್ಟಗಿಡುತ್ತದೆ. ಆದರೆ ಹೊಸಬ ಮೊದಲು ಉಸಿರಿನಿಂದ ಮೈ ಮೆತ್ತಗೆ ಮಾಡಿಕೊಳ್ಳಬೇಕು. ಅವನನ್ನು ಅಂಗಾತ ಮಲಗಿಸಿ, ಹೊಟ್ಟೆಯ ಮೇಲೆ ಕೈ ಇಡಿಸಿದರು. ಉಸಿರು ತುಂಬುವಾಗ ತೋಳು ಎತ್ತುವುದು, ಬಿಡುವಾಗ ಇಳಿಸುವುದು. ಆಮೇಲೆ ಒಂದೊಂದೇ ಮೊಣಕಾಲನ್ನು ಎದೆಗೆ ತರುವುದು. ಎಲ್ಲಿಯವರೆಗೆ ಎಂದು ಅವನು ಕೇಳಿದ.

"ಉಸಿರು ಸಿಕ್ಕಿಕೊಂಡಲ್ಲಿ ನಿಲ್ರಿ. ಅದಕ್ಕಿಂತ ದೊಡ್ಡ ಗುರು ಇಲ್ಲಿಲ್ಲ."

ಸಾವಕಾರರು ಮಲಗಲಿಕ್ಕೆ ಆಶ್ರಮಕ್ಕೆ ಹೋಗುತ್ತಾರೆಂದು ಪೇಟೆಯೆಲ್ಲ ನಕ್ಕಿತು. ಅವನಿಗೂ ಇದೇನು ವಿದ್ಯೆ ಎನಿಸದೆ ಇರಲಿಲ್ಲ. ಆದರೆ ಕುತ್ತಿಗೆಯ ನೋವು ಇಳಿಯುತ್ತಿತ್ತು. ಇಳುವರಿ ಕಂಡಮೇಲೆ ಬಿಡುವ ಜಾತಿ ಅವನದಲ್ಲ. ಒಮ್ಮೆ ಅವಸರಪಟ್ಟು, ಕೂತು ಮೊಣಕಾಲನ್ನು ನೆಲಕ್ಕೆ ಒತ್ತತೊಡಗಿದ. ತಾಯಿಯವರು ಬಂದು, ಖಾಲಿ ಚೀಲವೊಂದನ್ನು ಮಡಚಿ ಅವನ ಕುಂಡಿಯ ಕೆಳಗೆ ಇಟ್ಟು ಹೋದರು. ಮೊಣಕಾಲು ತಾನೇ ಇಳಿಯಿತು.

ಸುಗ್ಗಿ ಮುಗಿಯುವ ಹೊತ್ತಿಗೆ ಒಂದು ಬೆಳಿಗ್ಗೆ, ಅಂಥದೇ ಚೀಲ ಹಾಸಿಕೊಂಡು ಮನೆಯ ನೆಲದ ಮೇಲೆ ಕೂತ. ಎಡಗೈಯಲ್ಲಿ ಲಿಂಗ. ಉಸಿರು ಎಲ್ಲಿಯೂ ಸಿಕ್ಕಿಕೊಳ್ಳದೆ ಸರಾಗವಾಗಿ ಆಡಿತು. ವಿಭೂತಿ ಹಿಡಿದು ಬಂದ ಹೆಂಡತಿ, ಕುರ್ಚಿ ಖಾಲಿ ಇರುವುದನ್ನು ಕಂಡು ಬಾಗಿಲಲ್ಲೇ ನಿಂತಳು.

ಪೂಜೆ ಮುಗಿಸಿ ಅವನು ನೇರ ಗೋದಾಮಿಗೆ ನಡೆದ. ತಾನು ಕಲಿತದ್ದು ಯಾವ ಯೋಗ, ಅದರ ಹೆಸರೇನು ಎಂದು ಕೇಳಬೇಕೆಂದಿದ್ದ. ಹೊಸ್ತಿಲಲ್ಲಿ ಬಗ್ಗಿ, ಕೈಯಾರೆ ಚಪ್ಪಲಿ ಬಿಚ್ಚಿ ಪಕ್ಕಕ್ಕಿಟ್ಟ. ದ್ಯಾಮವ್ವ ನೋಡುತ್ತಿದ್ದಳು, ಈ ಸಲ ಅವಳೂ ನಗಲಿಲ್ಲ. ಬಗ್ಗಿದವನು ಹಾಗೆಯೇ ಇನ್ನಷ್ಟು ಬಗ್ಗಿ, ತಾಯಿಯವರು ನಿತ್ಯ ದಾಟುವ ಆ ಹೊಸ್ತಿಲಿಗೆ ಹಣೆ ಹಚ್ಚಿದ. ಹೆಸರು ಕೇಳಬೇಕೆಂದು ಬಂದದ್ದು ಅವನಿಗೆ ನೆನಪಿಗೇ ಬರಲಿಲ್ಲ.