ಮೂರು ಕೆರೆ ನೀರು ಕುಡಿದ ಎಲೆತೋಟ

"ಬುದ್ಧಿ, ಇಷ್ಟು ಮಾತ್ರೆಗಳಲ್ಲಿ ಯಾವುದನ್ನ ನಿಲ್ಲಿಸಲಿ?"

ಕೇಳಿದವಳು ಶಿವನಂಜಮ್ಮ. ಕೇಳಿಸಿಕೊಂಡವರು ಮಠದ ಹಿರಿಯ ಸ್ವಾಮಿಗಳು. ಊರೆಲ್ಲ ಅವರನ್ನ ಬುದ್ಧಿ ಅಂತಲೇ ಕರೀತಿತ್ತು. ಹದಿನೆಂಟು ವರ್ಷದಿಂದ ಆ ಮಠದ ಅಡುಗೆಮನೆ ಶಿವನಂಜಮ್ಮನ ಕೈಯಲ್ಲಿತ್ತು. ದಿನಾ ಇನ್ನೂರು ಜನರ ಪಂಕ್ತಿಗೆ ಸಾರು ಕುದಿಸೋಳು ಅವಳೇ.

ಕೇಳಿದವಳೇ ಮೂರು ಕೈಚೀಲ ತೆಗೆದು ಸಾಲಾಗಿ ಇಟ್ಟಳು. ಒಂದು ಸಕ್ಕರೆ ಕಾಯಿಲೇದು, ಒಂದು ಬಿ.ಪಿ.ದು, ಒಂದು ಮಂಡಿ ನೋವಿನದು. ಮೂರು ಕಾಯಿಲೆಗೆ ಮೂವರು ಡಾಕ್ಟರು, ಮೂರು ಊರಲ್ಲಿ. ಮೂವರೂ ಒಳ್ಳೆಯವರೇ. ಆದರೆ ಒಂದು ತಿಂಗಳಿಂದ ಅವಳಿಗೆ ಕೂತು ಎದ್ದರೆ ಸಾಕು, ತಲೆ ಗಿರ್ರಂತ ತಿರುಗ್ತಿತ್ತು. ಸೋಮವಾರ ಕುದಿಯೋ ಸಾರಿನ ಹಂಡೆ ಪಕ್ಕದಲ್ಲೇ ತೂರಾಡಿದ್ದಳು. ಕೈಗೆ ಕಂಬ ಸಿಕ್ಕಿತು, ಬದುಕಿದಳು.

"ಇನ್ನೊಂದ್ಸಲ ಹಂಗಾದ್ರೆ ನಾನೇ ಸಾರಲ್ಲಿ ಬೆಂದೋಯ್ತೀನಿ ಬುದ್ಧಿ."

"ಬೇಡಮ್ಮ. ಸಸ್ಯಾಹಾರದ ಮಠ," ಅಂದರು ಬುದ್ಧಿ, ಮುಖದಲ್ಲಿ ನಗುವಿನ ಸುಳಿವೇ ಇಲ್ಲದೆ.

"ನಿಮಗೆ ತಮಾಷೆ. ಒಲೆ ಮುಂದೆ ನಿಂತ್ಕೊಳ್ಳಾಕೆ ಆಗ್ದೇ ಹೋದ್ರೆ ನಂಗಿನ್ನೇನದೆ? ಅದಕ್ಕೇ ಯೋಚ್ನೆ ಮಾಡಿವ್ನಿ. ಸಕ್ಕರೆಗೆ ಕಾಲು ಉರೀತದೆ, ಮಂಡಿ ಕಿರ್ ಅಂತದೆ. ಈ ಬಿ.ಪಿ. ಅನ್ನೋದು ಒಂದು ದಿನಾನೂ ನೋಯಿಸಿಲ್ಲ. ಅದ್ರ ಮಾತ್ರೇನೇ ನಿಲ್ಲಿಸ್ಬುಡಾನ ಅಂತ."

"ತಲೆ ತಿರುಗೋ ವಿಷಯ ಡಾಕ್ಟರಿಗೆ ಹೇಳಿದ್ಯಾ?"

"ಮೂವರಿಗೂ ಹೇಳ್ದೆ. ಒಬ್ರು ಇರೋ ಮಾತ್ರೇನ ಜಾಸ್ತಿ ಮಾಡುದ್ರು, ಒಬ್ರು ಹೊಸ್ದೊಂದು ಬರ್ದ್ರು, ಒಬ್ರು ಟಾನಿಕ್ ಕೊಟ್ರು."

"ಒಬ್ಬರ ಚೀಲ ಇನ್ನೊಬ್ಬರಿಗೆ ತೋರಿಸಿದ್ಯಾ?"

ಶಿವನಂಜಮ್ಮ ನಾಲಿಗೆ ಕಚ್ಚಿಕೊಂಡಳು. "ಎಲ್ಲಾದ್ರೂ ಉಂಟಾ ಬುದ್ಧಿ? ಇವಳಿಗೆ ನನ್ನ ಕೈಗುಣದ ಮೇಲೆ ನಂಬ್ಕೆ ಇಲ್ಲ ಅಂತ ಬೇಜಾರ್ ಮಾಡ್ಕೊಳ್ಳಾಕಿಲ್ವಾ? ನಾನಂತೂ ಎಲ್ಲರ ಮುಂದೂ ನೀವೇ ನನ್ನ ದೇವ್ರು ಅಂತೀನಿ."

ಬುದ್ಧಿಯವರು ಗಡ್ಡ ನೀವಿಕೊಂಡು ಗೋಡೆಗೆ ಒರಗಿದರು. ಅವರು ಗೋಡೆಗೆ ಒರಗಿದರೆ ಕತೆ ಬರ್ತದೆ ಅಂತ ಅರ್ಥ. ಶಿವನಂಜಮ್ಮ ಸೆರಗು ಸರಿಮಾಡಿಕೊಂಡು, ಸೊಂಟದಿಂದ ಹಿತ್ತಾಳೆ ಡಬ್ಬಿ ತೆಗೆದು, ಒಂದು ಚಿಟಿಕೆ ಪುಡಿ ಕಣ್ಣಿಗೊತ್ತಿ ಬಾಯಿಗೆ ಹಾಕಿಕೊಂಡಳು. ಎರಡು ವರ್ಷದ ಹಿಂದೆ ಮಂಡಿ ನೋವಿಗೆ ಅಂತ ಬುದ್ಧಿಯವರೇ ಕೊಟ್ಟ ಬೇರಿನ ಪುಡಿ. ತಿಂಗಳು ತಿಂಗಳು ಮಠದಲ್ಲೇ ತುಂಬಿಸಿಕೊಳ್ತಿದ್ದಳು. ಮೆಟ್ಟಿಲು ಹತ್ತೋಕೆ ಒಂದು ಚಿಟಿಕೆ, ಇಳಿಯೋಕೆ ಒಂದು ಚಿಟಿಕೆ, ಒಳ್ಳೆ ಮಾತು ಕೇಳೋಕೆ ಮುಂಚೆ ಒಂದು ಚಿಟಿಕೆ. ಬಾಯಿ ಒರೆಸಿಕೊಂಡು ಕಿವಿ ಕೊಟ್ಟಳು.

"ಒಬ್ಬ ಎಲೆತೋಟದವನಿದ್ದ," ಅಂತ ಶುರುಮಾಡಿದರು ಬುದ್ಧಿ. "ವೀಳ್ಯದೆಲೆ ತೋಟ. ಒಂದೊಂದು ಎಲೆ ಮೊರದಷ್ಟಗಲ."

ಬುದ್ಧಿಯವರ ಕತೆಗಳಲ್ಲಿ ಈ ತೋಟ ಆಗಾಗ ಬರ್ತಿತ್ತು. ಶಿವನಂಜಮ್ಮ ಬಿಡಲಿಲ್ಲ. "ಹೋದ ವರ್ಷದ ಕತೇಲಿ ಅಂಗೈಯಷ್ಟಗಲ ಇತ್ತಲ್ಲ?"

"ಒಂದು ವರ್ಷ ಆಯ್ತಲ್ಲಮ್ಮ. ಬೆಳೆದಿದೆ."

ಆ ತೋಟ ಇದ್ದದ್ದು ಮೂರು ಕೆರೆಗಳ ತಗ್ಗಿನಲ್ಲಿ. ಮೂಡಲ ಕೆರೆ, ಪಡುವಲ ಕೆರೆ, ಬಡಗಲ ಕೆರೆ. ಕೆರೆಗೊಬ್ಬ ನೀರುಗಂಟಿ. ತೂಬು ಎತ್ತಿ ಇಳಿಸೋದು, ಯಾರ ಭೂಮಿಗೆ ಎಷ್ಟು ನೀರು ಅಂತ ಅಳತೆ ಮಾಡಿ ಹರಿಸೋದು ಅವನ ಕೆಲಸ. ಮೂವರೂ ನಿಯತ್ತಿನವರು. ಮೂಡಲ ಕೆರೆಯವನಂತೂ ಕಪ್ಪೆಯೊಂದು ಕೆರೆಯಿಂದ ಆಚೆ ನೆಗೆದರೆ ಅದನ್ನ ಹಿಡಿದು, ಮೈ ಒರೆಸಿ, ಆ ಬಟ್ಟೆಯನ್ನ ಕೆರೆಗೇ ಹಿಂಡಿ ಕಳಿಸ್ತಿದ್ದ.

ತೋಟದವ ಬಹಳ ಮರ್ಯಾದಸ್ಥ. ಮೂಡಲಿನವನು ಬಂದರೆ ಎರಡೂ ಕೈಯಲ್ಲಿ ಒಂದು ಕಟ್ಟು ಎಲೆ ಕೊಟ್ಟು, "ನಿಮ್ಮ ನೀರೇ ನನ್ನ ತೋಟದ ಉಸಿರು" ಅಂತಿದ್ದ. ಪಡುವಲಿನವನಿಗೂ ಅದೇ ಕಟ್ಟು, ಅದೇ ಮಾತು. ಬಡಗಲಿನವನಿಗೂ ಅದೇ. ಒಬ್ಬರ ಮುಂದೆ ಇನ್ನೊಬ್ಬರ ಹೆಸರು ಎತ್ತುತ್ತಿರಲಿಲ್ಲ. ಹಾಗಾಗಿ ಮೂವರಿಗೂ, ಪಾಪ ಈ ತೋಟ ನನ್ನೊಬ್ಬನ ನೀರಲ್ಲೇ ಬದುಕಿದೆ ಅಂತ ಕನಿಕರ. ಕನಿಕರ ಬಂದಾಗೆಲ್ಲ ತೂಬು ಒಂದು ಬೆರಳು ಮೇಲೇಳೋದು.

ಒಂದು ಬೇಸಿಗೆ ಬಳ್ಳಿ ಸೊರಗೋಕೆ ಶುರುವಾಯ್ತು. ಮೊರದಂಥ ಎಲೆಗಳು ಒದ್ದೆ ಬಟ್ಟೆ ಹಾಗೆ ಜೋತುಬಿದ್ದವು. ತೋಟದವ ಮೂಡಲಿಗೆ ಓಡಿದ. ನೀರುಗಂಟಿ ಬಂದ, ನೋಡಿದ. ಬಾಡಿದ ಎಲೆ ಕಂಡರೆ ನೀರುಗಂಟಿ ಇನ್ನೇನು ಹೇಳ್ತಾನೆ? "ಬಾಯಾರಿದೆ" ಅಂದ, ತೂಬು ಎರಡು ಬೆರಳು ಎತ್ತಿದ. ಪಡುವಲಿನವನು ಬಂದ, "ಬಾಯಾರಿದೆ" ಅಂದ, ಅವನೂ ಎತ್ತಿದ. ಬಡಗಲಿನವನು ತೂಬು ಎತ್ತಿದ್ದೂ ಅಲ್ಲದೆ ಹೊಸ ಕಾಲುವೇನೇ ತೋಡಿಕೊಟ್ಟ. ನೀರು ಹೆಚ್ಚಿದಷ್ಟೂ ಎಲೆ ಜೋತುಬಿತ್ತು. ಎಲೆ ಜೋತುಬಿದ್ದಷ್ಟೂ ನೀರು ಹೆಚ್ಚಿತು.

ಶಿವನಂಜಮ್ಮನ ಕಣ್ಣು ತಾನಾಗೇ ನಡುವಿನ ಚೀಲದ ಕಡೆ ಹೋಯ್ತು. ಹೊಸದಾಗಿ ಬರೆದುಕೊಟ್ಟ ಮಾತ್ರೆ ಅದರಲ್ಲೇ ಇತ್ತು.

ತೋಟದವ ಕೂತು ಲೆಕ್ಕ ಹಾಕಿದ. ಈ ಮೂರರಲ್ಲಿ ಯಾವುದೋ ಒಂದು ನೀರು ಕೆಟ್ಟದ್ದು. ಯಾವುದಿರಬಹುದು? ಮೂಡಲ ನೀರು ಬರುವಾಗ ಗುಳುಗುಳು ಸದ್ದು ಮಾಡ್ತದೆ, ಕೆಲಸ ಮಾಡೋದು ಕೇಳಿಸ್ತದೆ. ಬಡಗಲ ನೀರು ನೊರೆ ಹೊತ್ತು ಬರ್ತದೆ, ಕಣ್ಣಿಗೆ ಕಾಣಿಸ್ತದೆ. ಈ ಪಡುವಲ ನೀರು ಸದ್ದಿಲ್ಲ ಸುದ್ದಿಲ್ಲ, ಕಳ್ಳ ಬೆಕ್ಕಿನ ಹಾಗೆ ಬಂದು ಹೋಗ್ತದೆ. ಇದರಿಂದ ಏನು ಉಪಯೋಗ? ಯಾರಿಗೂ ಹೇಳದೆ ಆ ಕಾಲುವೆ ಬಾಯಿಗೆ ಮಣ್ಣು ಮೆತ್ತಿಬಿಟ್ಟ.

"ವಾಸಿ ಆಯ್ತಾ?" ಶಿವನಂಜಮ್ಮ ಕೇಳಿದ್ದು ಸ್ವಲ್ಪ ಆಸೆಯಿಂದಲೇ.

"ಎಂಟೇ ದಿನಕ್ಕೆ ಪಡುವಲ ಕಡೆಯ ನಾಲ್ಕು ಸಾಲು ಸುಟ್ಟ ಹಪ್ಪಳ ಆದ್ವು. ಆ ಕಡೆ ನೆಲ ಎತ್ತರ. ಅಲ್ಲಿಗೆ ಹತ್ತೋ ನೀರು ಅದೊಂದೇ."

"ಮಿಕ್ಕ ಸಾಲು?"

"ಮೊದಲಿನ ಹಾಗೇ ಜೋತಾಡ್ತಿದ್ವು."

ಶಿವನಂಜಮ್ಮ ಬಿ.ಪಿ. ಚೀಲವನ್ನ ಮೆಲ್ಲಗೆ ತನ್ನ ಹತ್ತಿರಕ್ಕೆ ಎಳೆದುಕೊಂಡಳು.

ತೋಟದವ ಬದುವಿನ ಮೇಲೆ ಕೂತು ಅತ್ತ. ಎಷ್ಟು ಅತ್ತ ಅಂದರೆ ಕಣ್ಣೀರು ಒಂದು ಸಣ್ಣ ಕಾಲುವೆಯಾಗಿ ತೋಟದೊಳಕ್ಕೇ ಹರೀತು. ಮೊದಲೇ ನೀರು ಹೆಚ್ಚಾಗಿತ್ತು, ಅದರ ಮೇಲೆ ಇದೊಂದು.

ಅಲ್ಲಿ ಎಲೆ ಕೊಯ್ಯೋ ಮುದುಕಿ ಒಬ್ಬಳಿದ್ದಳು. ನಲವತ್ತು ವರ್ಷ ಬರಿಗಾಲಲ್ಲಿ ಆ ತೋಟ ತುಳಿದವಳು. ಅವಳು ಬುಟ್ಟಿ ಇಳಿಸಿ ಅಂದಳು: "ಅಳೋದು ನಿಲ್ಸು ಯಜಮಾನ, ಇಲ್ಲಿ ಮೊದ್ಲೇ ಕೆಸ್ರು ಜಾಸ್ತಿ ಆಗ್ಬುಟ್ಟದೆ. ಹೆಜ್ಜೆ ಇಟ್ರೆ ಹಿಮ್ಮಡಿ ಹೂತೋಯ್ತದೆ."

"ಅಯ್ಯೋ, ಇಷ್ಟು ದಿನ ಯಾಕೆ ಹೇಳ್ಲಿಲ್ಲ?"

"ನೀನು ನೀರು ಹರಿಸೋರನ್ನ ಕೇಳ್ದೆ. ತುಳಿಯೋರನ್ನ ಯಾವಾಗ ಕೇಳ್ದೆ?"

ಆಮೇಲೆ ಆ ಮುದುಕಿ ಮಾಡಿದ್ದು ಇಷ್ಟೇ. ಮೂರು ಕೆರೆಗೂ ಹೇಳಿ ಕಳಿಸಿ, ನಾಳೆ ಮಧ್ಯಾಹ್ನ ನಮ್ಮ ತೋಟದ ಬದುವಿನ ಮೇಲೆ ಊಟ ಅಂತ ಮೂವರನ್ನೂ ಕರೆದಳು. ತೋಟದವನಿಗೆ ಎದೆ ಒಡೆದುಹೋಯ್ತು. ಮೂವರೂ ಒಂದೇ ಕಡೆ ಕೂತರೆ ತನ್ನ ಮಾತು ಬಯಲಾಗ್ತದೆ. ಮೂವರೂ ಮುನಿಸಿಕೊಂಡು ತೂಬು ಮುಚ್ಚಿದರೆ ತೋಟವೇ ಇಲ್ಲ. ಬೇಡ ಅಂತ ಕಾಲಿಗೆ ಬಿದ್ದ. ಅವಳು ಒಲೆ ಹಚ್ಚೋದರಲ್ಲಿದ್ದಳು.

ಮುದ್ದೆ, ಬಸ್ಸಾರು. ಅದೆಂಥ ಬಸ್ಸಾರು ಅಂದರೆ, ಒಗ್ಗರಣೆ ವಾಸನೆಗೆ ಮೂರು ಕೆರೆಯ ಮೀನೂ ದಡಕ್ಕೆ ಬಂದು ಬಾಯಿ ತೆರೆದು ಸಾಲಾಗಿ ನಿಂತವು.

"ಯಾವ ಸೊಪ್ಪು ಹಾಕಿದ್ಲು?" ಅಂದಳು ಶಿವನಂಜಮ್ಮ.

"ಅದನ್ನ ಹೇಳಿದ್ರೆ ನಾಳೆಯಿಂದ ನಿನ್ನ ಸಾರು ಯಾರು ಉಣ್ತಾರೆ?"

ಮೂವರೂ ಉಂಡರು. ಕೈ ತೊಳೆದರು. ಉಂಡ ಮೇಲೆ ನೀರುಗಂಟಿ ಏನು ಮಾಡ್ತಾನೆ? ಎಲೆ ಅಡಿಕೆ ಚೀಲ ಬಿಚ್ಚುತ್ತಾನೆ. ಮೂವರೂ ಬಿಚ್ಚಿದರು. ಎಂಟು ಮಡಿಕೆ ಮಾಡಿ ಇಟ್ಟುಕೊಂಡಿದ್ದ ಎಲೆಗಳನ್ನ ಹೊರಗೆ ತೆಗೆದರು. ಮೂರು ಅಂಗೈ, ಮೂರು ಎಲೆ. ಅದೇ ಅಗಲ, ಅದೇ ಹೊಳಪು, ಅದೇ ಕೆಂಪು ತೊಟ್ಟು.

"ಈ ಎಲೆ ನಿಂಗೆಲ್ಲಿ ಸಿಕ್ತಲಾ?" ಅಂದ ಮೂಡಲಿನವನು.

"ನನ್ನ ನೀರು ಕುಡಿಯೋ ತೋಟದ್ದು," ಅಂದ ಪಡುವಲಿನವನು.

"ನಿನ್ನ ನೀರೋ? ಇದು ನನ್ನ ನೀರಲ್ಲಿ ಉಸಿರಾಡೋ ತೋಟ," ಅಂದ ಬಡಗಲಿನವನು.

ಮೂವರೂ ಒಟ್ಟಿಗೆ ತೋಟದವನ ಕಡೆ ತಿರುಗಿದರು. ಅವನು ಎಲೆಗಿಂತ ಚೆನ್ನಾಗಿ ಬಾಡಿ ನಿಂತಿದ್ದ. ಆಗ ಮೂಡಲಿನವನಿಗೆ ನಗು ಬಂತು. ಬಾಯಲ್ಲಿದ್ದ ಅಡಿಕೆ ಮೂರು ಮಾರು ದೂರ ಹಾರಿತು. "ಅಯ್ಯೋ ಪುಣ್ಯಾತ್ಮ, ಇವರಿಬ್ಬರೂ ಕೊಡ್ತಾವ್ರೆ ಅಂತ ಒಂದು ಮಾತು ಹೇಳಿದ್ರೆ ನಾನು ತೂಬು ಇಳಿಸ್ತಿರ್ಲಿಲ್ವಾ?" ಅಂದ. ಮಿಕ್ಕಿಬ್ಬರೂ ನಕ್ಕರು. ಒಬ್ಬನೂ ಮುನಿಸಿಕೊಳ್ಳಲಿಲ್ಲ.

ಮೂವರೂ ಪಂಚೆ ಎತ್ತಿ ಕಟ್ಟಿ, ಮುದುಕಿ ಹಿಂದೆ ತೋಟಕ್ಕೆ ಇಳಿದರು. ಎಲ್ಲಿ ಹಿಮ್ಮಡಿ ಹೂತುಹೋಗ್ತದೆ, ಎಲ್ಲಿ ನೆಲ ಬಿರಿದಿದೆ ಅಂತ ತುಳಿದು ನೋಡಿದರು. ಪಡುವಲ ಕಾಲುವೆಯ ಮಣ್ಣು ಕಿತ್ತು ಹಾಕಿದರು. ಮೂಡಲ ನೀರು ನಾಲ್ಕು ದಿನಕ್ಕೊಮ್ಮೆ ಆಯ್ತು. ಬಡಗಲಿನ ಹೊಸ ಕಾಲುವೆ ಮುಚ್ಚಿತು, ಹಳೇದು ಉಳೀತು. ತೋಟದ ಬಾಗಿಲಿಗೆ ಒಂದು ಹಗ್ಗ ಇಳಿಬಿಟ್ಟರು. ನೀರು ಹರಿಸಿದವನು ಅದಕ್ಕೊಂದು ಗಂಟು ಹಾಕಬೇಕು. ತೂಬು ಎತ್ತೋಕೆ ಮುಂಚೆ ಆ ಹಗ್ಗ ನೋಡಬೇಕು. ಒಬ್ಬನೇ ಒಬ್ಬ ನೀರುಗಂಟಿಯನ್ನೂ ತೋಟದವ ಕಳಕೊಳ್ಳಲಿಲ್ಲ.

ತಿಂಗಳಿಗೆ ತೋಟ ತಲೆ ಎತ್ತಿತು. ಮೂಲೆಯ ಎರಡು ಸಾಲು ಮಾತ್ರ ಎತ್ತಲಿಲ್ಲ. ಅಲ್ಲಿ ಇನ್ನೂ ಕೆಸರು.

ಮೂವರೂ ಹಗ್ಗ ನೋಡಿದರು. ಆ ಮೂಲೆಗೆ ಯಾರೂ ನೀರು ಹರಿಸಿಲ್ಲ. ಮುದುಕಿ ಕೆಸರಿನ ಜಾಡು ತುಳೀತಾ ಹೋದಳು. ಬೇಲಿ ದಾಟಿದಳು, ಕಳ್ಳಿಸಾಲು ದಾಟಿದಳು, ಹೋಗಿ ನಿಂತದ್ದು ಊರ ದೇವಸ್ಥಾನದ ಹಿಂದೆ. ಅಲ್ಲೊಂದು ಕಲ್ಲು ಮೋರಿ. ಅಭಿಷೇಕದ ನೀರು ಅದರಲ್ಲಿ ಬಂದು ತೊಟ್ಟು ತೊಟ್ಟಾಗಿ ತೋಟದ ಕಡೆ ಹರೀತಿತ್ತು. ಒಳ್ಳೇದಾಗಲಿ ಅಂತ ವರ್ಷಗಳ ಹಿಂದೆ ತೋಟದವನೇ ಭಕ್ತಿಯಿಂದ ಅದನ್ನ ತಿರುಗಿಸಿಕೊಂಡಿದ್ದ.

"ಇದೂ ಬರ್ತಿತ್ತಾ? ಅವತ್ತೇ ಯಾಕೆ ಹೇಳ್ಲಿಲ್ಲ?" ಅಂತ ಮೂವರೂ ಕೇಳಿದರು.

ತೋಟದವ ಕೈ ಮುಗಿದ. "ನೀವು ಕೇಳಿದ್ದು ನೀರಿನ ವಿಷಯ. ಇದು ತೀರ್ಥ."

ಮುದುಕಿ ಕೆಸರಿಂದ ಕಾಲು ಕಿತ್ತುಕೊಂಡು ಅಂದಳು: "ಅದು ಬೇರಿಗೆ ಗೊತ್ತಾಗ್ಲಿಲ್ಲ ಯಜಮಾನ." ಹೋಗಿ ಹಗ್ಗಕ್ಕೆ ಇನ್ನೊಂದು ಗಂಟು ಹಾಕಿದಳು.

ಬುದ್ಧಿಯವರು ಗೋಡೆ ಬಿಟ್ಟು ನೆಟ್ಟಗೆ ಕೂತರು. ಕತೆ ಮುಗಿದಿತ್ತು.

ಶಿವನಂಜಮ್ಮ ಬಾಯಿಗೆ ಸೆರಗು ಇಟ್ಟುಕೊಂಡು ನಕ್ಕಳು. "ಎಂಥಾ ಪೆದ್ದ ಅವನು, ಬುದ್ಧಿ." ನಗ್ತಾನೇ ಮೂರು ಚೀಲವನ್ನೂ ಒಂದು ದೊಡ್ಡ ಬಟ್ಟೆ ಚೀಲದೊಳಗೆ ತುರುಕಿದಳು. ಬಂದಾಗ ಇದ್ದ ಗಾಬರಿ ಈಗ ಅವಳ ಮುಖದಲ್ಲಿರಲಿಲ್ಲ. ಇನ್ನೂರು ಜನರ ಊಟಕ್ಕೆ ಅಕ್ಕಿ ಅಳೆಯೋವಾಗಿನ ಮುಖ ಬಂದಿತ್ತು.

"ಯಾವ ಮಾತ್ರೇನೂ ನಾನಾಗಿ ನಿಲ್ಲಿಸಾಕಿಲ್ಲ. ನಾಳೆ ಬೆಳಗ್ಗೆ ಮೊದಲ ಬಸ್ಸಿಗೇ ಹೋಗಿ ಸಕ್ಕರೆ ಡಾಕ್ಟ್ರ ಮೇಜಿನ ಮೇಲೆ ಈ ಮೂರೂ ಸುರೀತೀನಿ. ಏನೇನು ನುಂಗ್ತಾ ಇವ್ನಿ ಅಂತ ಒಂದೇ ಹಾಳೇಲಿ ಬರೆಸ್ಕೊಂಡು ಮಿಕ್ಕಿಬ್ಬರಿಗೂ ತೋರಿಸ್ತೀನಿ. ಬೇಜಾರ್ ಮಾಡ್ಕೊಂಡ್ರೆ ಒಂದು ಕ್ಯಾರಿಯರ್ ಬಸ್ಸಾರು ತಗೊಂಡೋಯ್ತೀನಿ."

"ಎಲ್ಲಾನೂ ಹಾಕ್ಕೊಂಡ್ಯಾ?"

"ಎಲ್ಲಾನೂ ಬುದ್ಧಿ. ಒಂದೂ ಬಿಟ್ಟಿಲ್ಲ."

ಅಡ್ಡಬಿದ್ದು, ಗೋಡೆ ಹಿಡಿದು ನಿಧಾನಕ್ಕೆ ಎದ್ದಳು. ಮೆಟ್ಟಿಲು ಇಳಿಯೋಕೆ ಮುಂಚೆ ಎಂದಿನ ಹಾಗೆ ಸೊಂಟದ ಡಬ್ಬಿ ತೆಗೆದು, ಒಂದು ಚಿಟಿಕೆ ಕಣ್ಣಿಗೊತ್ತಿಕೊಂಡು, ಬಾಯಿ ತೆರೆದಳು.

"ನಾನು ಕೊಟ್ಟ ಪುಡಿ ಯಾವ ಕೆರೆ ನೀರು ತಾಯಿ?" ಅಂದರು ಬುದ್ಧಿ.

ಶಿವನಂಜಮ್ಮ ಬಾಯಿ ಮುಚ್ಚಿದಳು.