ಕಾಜಾಣ ಎಲ್ಲರ ದನಿಯಲ್ಲೂ ಹಾಡುವುದೇಕೆ

ಲೋಕ ಆಗಷ್ಟೇ ಹುಟ್ಟಿತ್ತು. ಹೊಳೆಗೆ ಯಾವ ಕಡೆ ಹರಿಯಬೇಕೆಂದು ಇನ್ನೂ ಗೊತ್ತಿರಲಿಲ್ಲ. ಸೂರ್ಯನಿಗೂ ಕೆಲಸ ಹೊಸದು, ಮಹಾ ಸೋಮಾರಿ ಬೇರೆ. ಮನಸ್ಸು ಬಂದರೆ ಏಳುತ್ತಿದ್ದ, ಇಲ್ಲದಿದ್ದರೆ ಮುಸುಕೆಳೆದು ಮಲಗಿಬಿಡುತ್ತಿದ್ದ.

“ದಿನಾ ಏಳೋದಕ್ಕೇನಪ್ಪಾ ನಿನಗೆ?” ಎಂದು ಗಾಳಿ ಗದರಿತು.

“ಯಾರಾದರೂ ಒಳ್ಳೇ ಹಾಡು ಹಾಡಿ ಕರೆದರೆ ಏಳ್ತೀನಿ,” ಎಂದ ಸೂರ್ಯ, ಮುಸುಕಿನೊಳಗಿಂದಲೇ.

ಆ ಮಾತನ್ನು ಗಾಳಿ ಕಾಡಿಗೆಲ್ಲ ಮುಟ್ಟಿಸಿತು. ಕಾಡಿನಲ್ಲಿ ಕಾಜಾಣ ಎಂಬ ಕರಿಹಕ್ಕಿ ಇದ್ದ. ಅವನ ದನಿ ಬೆಟ್ಟದಾಚೆಗೂ ಕೇಳುತ್ತಿತ್ತು. ಆದರೆ ಅವನ ಹತ್ತಿರ ಹಾಡೇ ಇರಲಿಲ್ಲ! ಪೊದೆಯ ಪಿಕಳಾರ ಹಕ್ಕಿಯ ಹತ್ತಿರ ಹೋಗಿ ಒಂದು ಸಿಳ್ಳೆ ಕಲಿತ. ಹರಟೆಮಲ್ಲ ಹಕ್ಕಿಗಳ ಹತ್ತಿರ ಹೋಗಿ ಒಂದಿಷ್ಟು ಗಲಗಲ ಕಲಿತ. ಆದರೂ ತಾಳವಿಲ್ಲದೆ ಹಾಡು ಎತ್ತೆತ್ತಲೋ ಓಡುತ್ತಿತ್ತು. ಕೊನೆಗೆ ಆಲದ ಮರದ ಕುಟ್ರಹಕ್ಕಿಯ ಹತ್ತಿರ ಬಂದ.

ಕುಟ್ರಹಕ್ಕಿಯದು ಎಲೆಯ ಬಣ್ಣದ ಮೈ. ಎಲೆಗಳ ನಡುವೆ ಕೂತರೆ ಪಕ್ಕದ ಕೊಂಬೆಯವರಿಗೂ ಕಾಣುತ್ತಿರಲಿಲ್ಲ. ಅವಳಿದ್ದಾಳೆಂದು ಕಾಡಿಗೆ ತಿಳಿಯುತ್ತಿದ್ದುದು ಅವಳ ಕೂಗಿನಿಂದ ಮಾತ್ರ. ಕುಟ್ರೂ, ಕುಟ್ರೂ, ಕುಟ್ರೂ!

“ಅಕ್ಕಾ, ನಿನ್ನ ಕೂಗು ನನ್ನ ಹಾಡಿಗೆ ತಾಳ ಆಗುತ್ತೆ. ಕಲಿಸ್ತೀಯಾ?”

“ಅದಕ್ಕೇನಂತೆ, ಬಾರಪ್ಪಾ,” ಎಂದಳು ಕುಟ್ರಹಕ್ಕಿ. ಸಂತೋಷದಿಂದಲೇ ಕಲಿಸಿದಳು.

ಮರುದಿನ ಎತ್ತರದ ಮರದ ತುದಿಯಲ್ಲಿ ಕೂತು ಕಾಜಾಣ ಹಾಡಿದ. ಸೂರ್ಯ ಮುಸುಕು ಕಿತ್ತೆಸೆದು ದಡಬಡ ಎದ್ದು ಬಂದ.

“ಆಹಾ! ಯಾರದಯ್ಯಾ ಈ ಹಾಡು?”

ಕಾಜಾಣ ಕೆಳಗೆ ನೋಡಿದ. ಬರೀ ಎಲೆಗಳು. “ನನ್ನದೇ,” ಎಂದುಬಿಟ್ಟ.

ಸೂರ್ಯ ಮೆಚ್ಚಿ ಅವನ ಬಾಲಕ್ಕೆ ಕುಚ್ಚಿನಂಥ ಎರಡು ಉದ್ದ ಗರಿ ಕಟ್ಟಿದ. ಎಲೆಗಳ ನಡುವೆ ಕೂತಿದ್ದ ಕುಟ್ರಹಕ್ಕಿ ಎಲ್ಲವನ್ನೂ ಕೇಳಿಸಿಕೊಂಡಳು. ‘ಹೋಗಲಿ, ಹಾಡು ಚೆನ್ನಾಗಿ ಬಂತಲ್ಲ’ ಎಂದು ಬಾಯಿ ಸುಮ್ಮನಾಯಿತು. ಮನಸ್ಸು ಸುಮ್ಮನಾಗಲಿಲ್ಲ.

ಅವಳ ಮಗಳಿಗೆ ಕೂಗು ಕಲಿಯುವ ವಯಸ್ಸು ಬಂತು. “ಕೂಗು ಕಂದಾ, ಕುಟ್ರೂ ಅನ್ನು,” ಎಂದಳು ತಾಯಿ.

ಕೆಳಗೆ ಅಳಿಲು ಕಿಸಕ್ಕನೆ ನಕ್ಕಿತು. “ನೋಡ್ರೋ, ಕಾಜಾಣನ ಹಾಡನ್ನ ನಕಲು ಮಾಡ್ತಾಳೆ!”

ಮಗಳು ಕೊಕ್ಕು ಮುಚ್ಚಿಕೊಂಡಳು. “ಬೇಡಮ್ಮ. ಕದ್ದ ಹಾಡು ನನಗೆ ಬೇಡ.”

ತಾಯಿ ಎಷ್ಟು ರಮಿಸಿದರೂ ಮಗಳು ಬಾಯಿ ಬಿಡಲಿಲ್ಲ. ಹಸಿರು ಎಲೆಯಲ್ಲಿ ಹಸಿರು ಮರಿ, ಕೂಗೂ ಇಲ್ಲ. ನಾಳೆ ಈ ಕೂಸು ಕಾಡಿನಲ್ಲಿ ತಪ್ಪಿಸಿಕೊಂಡರೆ ಹುಡುಕುವುದು ಹೇಗೆ? ಕುಟ್ರಹಕ್ಕಿಗೆ ಅಳು ಬಂತು, ಅದರ ಹಿಂದೆಯೇ ಸಿಟ್ಟೂ ಬಂತು. ಎಲೆಗಳ ಮರೆ ಬಿಟ್ಟು, ಬಟ್ಟಬಯಲಲ್ಲಿ ಹಾರಿ, ಕಾಜಾಣನ ಮುಂದೆ ಹೋಗಿ ಕೂತಳು.

“ಏನೋ, ನನ್ನ ಮಗಳು ನನ್ನನ್ನೇ ಕಳ್ಳಿ ಅಂತಾಳೆ. ನಿನಗಿದು ಸರಿಯಾ?”

ಕಾಜಾಣನ ತಲೆ ತಗ್ಗಿತು. “ತಪ್ಪಾಯ್ತಕ್ಕಾ. ನಿಮ್ಮೆಲ್ಲರ ಹೆಸರು ಹೇಳಿದರೆ ನನ್ನದು ಅಂತ ಏನೂ ಉಳಿಯಲ್ಲ ಅಂತ ಹೆದರಿದೆ.”

“ಅಯ್ಯೋ ಹುಚ್ಚಾ! ಸಿಳ್ಳೆ ಪಿಕಳಾರನ ಹತ್ತಿರ ಮೊದಲೇ ಇತ್ತು. ಕೂಗು ನನ್ನ ಹತ್ತಿರ ಇತ್ತು. ಆಗ ಸೂರ್ಯ ಎದ್ದನೇನು? ಎಲ್ಲಾನೂ ಸೇರಿಸಿ ಪೋಣಿಸಿದ್ದು ನೀನು. ಅದು ನಿನ್ನದೇ, ಕುಚ್ಚೂ ನಿನಗೇ ಇರಲಿ. ನಮ್ಮದನ್ನ ಮಾತ್ರ ನಮ್ಮದು ಅನ್ನು.”

ಮರುದಿನ ಬೆಳಗಾಗುವ ಹೊತ್ತು. ಕಾಜಾಣ ಹಾಡು ಶುರುಮಾಡಲಿಲ್ಲ. ಮೊದಲು ಪಿಕಳಾರನ ಸಿಳ್ಳೆ ಹಾಕಿ ಕಾದ. ಪೊದೆಯೊಳಗಿಂದ ಪಿಕಳಾರ ಓಗೊಟ್ಟ. ಗಲಗಲ ಎಂದು ಕಾದ. ಹರಟೆಮಲ್ಲಗಳು ಒಟ್ಟೊಟ್ಟಿಗೆ ಓಗೊಟ್ಟವು, ಅವಕ್ಕೆ ಸರದಿ ಎಂಬುದು ಎಲ್ಲಿ ಗೊತ್ತು! ಆಮೇಲೆ ‘ಕುಟ್ರೂ’ ಎಂದು ಕಾದ.

ಆಲದ ಮರ ಸುಮ್ಮನಿತ್ತು. ತಾಯಿ ಬೇಕೆಂದೇ ಕೂಗಲಿಲ್ಲ, ಮಗಳ ಮುಖವನ್ನೇ ನೋಡುತ್ತಿದ್ದಳು.

ಅರ್ಧ ಎದ್ದಿದ್ದ ಸೂರ್ಯ ಕೇಳಿದ, “ಇದು ಯಾರ ಕೂಗು?”

“ಆಲದ ಮರದ ಕುಟ್ರಕ್ಕನದು!” ಎಂದ ಕಾಜಾಣ, ಬೆಟ್ಟದಾಚೆಗೂ ಕೇಳುವ ಹಾಗೆ. “ಅವಳು ಕಲಿಸಿದ್ದು, ನಾನು ಕಲಿತದ್ದು.”

ಎಲೆಗಳ ನಡುವೆ ಪುಟ್ಟ ಕೊಕ್ಕೊಂದು ತೆರೆಯಿತು. “ಕು... ಕುಟ್ರೂ!” ಒಡಕು ದನಿ, ತಾಳವೂ ತಪ್ಪಿತ್ತು. ತಾಯಿಯ ಕಣ್ಣು ತುಂಬಿ ಬಂತು.

“ಅಮ್ಮಾ, ಇದು ನಮ್ಮದಂತೆ!” ಎಂದಳು ಮಗಳು.

ಅದಕ್ಕೇ ಮಕ್ಕಳೇ, ಇವತ್ತಿಗೂ ಕಾಡಿನಲ್ಲಿ ಕಾಜಾಣ ಒಬ್ಬೊಬ್ಬರ ದನಿಯಲ್ಲೂ ಕೂಗಿ, ಅವರು ಓಗೊಡಲೆಂದು ಕಾಯುತ್ತಾನೆ, ಬಗೆಬಗೆಯ ಹಕ್ಕಿಗಳು ಅವನ ಜೊತೆಗೇ ಮರದಿಂದ ಮರಕ್ಕೆ ಹಾರುತ್ತವೆ, ಬರೀ ಎಲೆಯೇ ಕಾಣುವ ಮರದಿಂದಲೂ ‘ಕುಟ್ರೂ, ಕುಟ್ರೂ’ ಎಂದು ಯಾರೋ ಗಟ್ಟಿಯಾಗಿ ಓಗೊಡುತ್ತಾರೆ.