ಒಡ್ಡು ಕೊರೆಯಲು ಅಪ್ಪಣೆ ತಂದ ಸಂಕಣ್ಣ

ಒಂದು ಹೊಳೆ. ಹೊಳೆಗೊಂದು ಮಣ್ಣಿನ ಒಡ್ಡು. ಒಡ್ಡಿನ ಬುಡಕ್ಕೊಂದು ಊರು, ಊರಿಗೆ ಮೊದಲ ಮನೆ ದ್ಯಾಮವ್ವನದು. ದ್ಯಾಮವ್ವನಿಗೆ ಒಬ್ಬನೇ ಮಗ, ಸಂಕಣ್ಣ. ದೇವರು ಅವನಿಗೆ ಎರಡು ಕಿವಿ ಕೊಟ್ಟಿದ್ದ, ನಡುವೆ ಏನಾದರೂ ಇಡುವುದನ್ನು ಮರೆತಿದ್ದ. ಹೇಳಿದ್ದನ್ನು ಹೇಳಿದಷ್ಟೇ ಮಾಡುವ ಆಸಾಮಿ.

ಆ ಬೇಸಿಗೆಯಲ್ಲಿ ಎರಡು ಸಲ ನೆಲ ನಡುಗಿತು. ದ್ಯಾಮವ್ವನ ಗೋಡೆ ಬಿರಿಯಿತು. ಇಂಜಿನಿಯರ್ ಇಟಗಿಯವರು ಬಂದು ಒಡ್ಡಿನ ಮೇಲೆ ನಡೆದಾಡಿ ಹೇಳಿದರು: "ಒಳಗಿನ ಮಣ್ಣು ಸಡಿಲಿದ್ದು, ಹೊಳೆ ತುಂಬಿದಾಗ ನೆಲ ನಡುಗಿತೋ, ಒಡ್ಡು ಅಂಬಲಿಯ ಹಾಗೆ ಹರಿದು ಹೋಗುತ್ತೆ. ಮಳೆಗಾಲಕ್ಕೆ ಮೊದಲು ನಾಲ್ಕು ಕಡೆ ಕೊರೆದು, ಮಣ್ಣು ತೆಗೆದು ಪರೀಕ್ಷೆಗೆ ಕಳಿಸಬೇಕು. ಕೊರೆಯೋಕೆ ಕಚೇರಿಯ ಅಪ್ಪಣೆ ಬೇಕು."

ಅಪ್ಪಣೆ ಬೇಕಾದರೆ ಕಚೇರಿಯಲ್ಲಿ ದಿನಗಟ್ಟಲೆ ಕೂರಬೇಕು. ಊರಲ್ಲಿ ಎಲ್ಲರಿಗೂ ಕೆಲಸವಿತ್ತು. ಸಂಕಣ್ಣನಿಗೆ ಇರಲಿಲ್ಲ.

"ನೋಡೋ ಮಗನ, ಸಾಹೇಬ್ರು ಕೇಳಿದ್ದಕ್ಕಷ್ಟ ಉತ್ತರ ಕೊಡು. ಒಂದು ಮಾತೂ ಹೆಚ್ಚಾಡಬ್ಯಾಡ!" ಅಂದಳು ದ್ಯಾಮವ್ವ.

"ಆತವ್ವ!"

ಹೋದ. ಅರ್ಜಿ ಜೇಬಿನಲ್ಲಿಟ್ಟುಕೊಂಡು ಮೇಜಿನ ಮುಂದೆ ನಿಂತ. ಗುಮಾಸ್ತ ತಲೆಯೆತ್ತಿ, "ಹೊರಗೆ ಬಿಸಿಲೇನಯ್ಯ?" ಅಂದ. "ಹೌದ್ರಿ." ತಾಸು ಬಿಟ್ಟು, "ಕರೆಂಟು ಬಂತಾ?" ಅಂದ. "ಇಲ್ರಿ." ಯಾಕೆ ಬಂದೆ ಎಂದು ಬಂದವರನ್ನು ಕೇಳುವ ಪದ್ಧತಿ ಆ ಕಚೇರಿಯಲ್ಲಿರಲಿಲ್ಲ. ಅರ್ಜಿ ಹೋದ ಹಾಗೇ ಮನೆಗೆ ಬಂತು.

"ಅಯ್ಯೋ ಪೆದ್ದ! ಒಳಗ ಕಾಲಿಡ್ತಿದ್ದಂಗ 'ಒಡ್ಡು ಒಡಿತೈತಿ! ಊರು ಮುಳುಗತೈತಿ!' ಅಂತ ಗಂಟಲು ಹರಿಯೋ ಹಂಗ ಕೂಗಬೇಕಿತ್ತಲ್ಲೋ!"

"ನಾಳೆ ಹಂಗೇ ಕೂಗ್ತೀನವ್ವ!"

ಮರುದಿನ ಸಾಹೇಬರ ನಿವೃತ್ತಿ ಸಮಾರಂಭ. ಹಾರ, ಶಾಲು, ತಟ್ಟೆಯಲ್ಲಿ ಮೈಸೂರುಪಾಕು. ಭಾಷಣ ಏರುತ್ತಿದ್ದಾಗ ಸಂಕಣ್ಣ ಒಳಗೆ ಕಾಲಿಟ್ಟ. "ಒಡ್ಡು ಒಡಿತೈತಿ! ಊರು ಮುಳುಗತೈತಿ!" ಯಾರು ಬಾಗಿಲಿನಿಂದ ಹೋದರು, ಯಾರು ಕಿಟಕಿಯಿಂದ ಹಾರಿದರು, ಲೆಕ್ಕವಿಲ್ಲ. ಮೂವತ್ತು ವರ್ಷ ಕುರ್ಚಿ ಬಿಟ್ಟೇಳದ ಸಾಹೇಬರು ಎಲ್ಲರಿಗಿಂತ ಮುಂದೆ ಓಡಿದರು. ಅರ್ಜಿ ತೆಗೆದುಕೊಳ್ಳಲು ಒಂದು ನರಪಿಳ್ಳೆಯೂ ಉಳಿಯಲಿಲ್ಲ.

ದ್ಯಾಮವ್ವ ಹಣೆ ಚಚ್ಚಿಕೊಂಡಳು. "ಮಂಗ್ಯಾ! ಅಂಥಾ ಹೊತ್ತಿನ್ಯಾಗ ಸಾಹೇಬ್ರ ಕೊರಳಿಗೆ ಹಾರ ಹಾಕಿ, ಕೈ ಮುಗದು, 'ನಿಮ್ಮ ಸೇವಾ ಮುಗೀತ್ರಿ, ಇನ್ನ ಮನ್ಯಾಗ ಹಾಯಾಗಿ ಇರ್ರಿ' ಅನ್ನಬೇಕಿತ್ತಲ್ಲೋ!"

"ಹಂಗೇ ಅಂತೀನವ್ವ!"

ಮುಂದಿನ ಸೋಮವಾರ ಹೊಸ ಸಾಹೇಬರು ಬಂದರು. ಕುರ್ಚಿಯಲ್ಲಿ ಕೂತು ಇನ್ನೂ ಚಹಾ ಮುಗಿಸಿರಲಿಲ್ಲ; ಸಂಕಣ್ಣ ಹಾರ ಹಾಕಿ ಕೈ ಮುಗಿದ. "ನಿಮ್ಮ ಸೇವಾ ಮುಗೀತ್ರಿ! ಇನ್ನ ಮನ್ಯಾಗ ಹಾಯಾಗಿ ಇರ್ರಿ!"

ಸಾಹೇಬರ ಮುಖ ಸುಣ್ಣವಾಯಿತು. "ಯಾರು ಹೇಳಿದ್ದು? ಮೇಲಿನಿಂದ ಆದೇಶ ಬಂತೇ?"

"ಮನ್ಯಾಗ ಹಾಯಾಗಿ ಇರ್ರಿ!"

ಯಾವುದೋ ಕಡತ ತಡವಾಗಿ ಯಾರೋ ದೊಡ್ಡವರು ಮುನಿದಿದ್ದಾರೆ ಎಂದುಕೊಂಡ ಸಾಹೇಬರು, "ಬಾಕಿ ಇರೋದೆಲ್ಲಾ ತನ್ನಿ!" ಅಂದರು. ಸಂಜೆಯೊಳಗೆ ಎಲ್ಲಕ್ಕೂ ಸಹಿ. ಸಂಕಣ್ಣನ ಜೇಬಿನಿಂದ ಇಣುಕುತ್ತಿದ್ದ ಅರ್ಜಿಗೂ ಸಹಿ. ಸುಮ್ಮನೆ ಸಹಿ ಹಾಕಿದರೆ ಓದಿಲ್ಲವೆಂದಾರು ಎಂದು ಅದಕ್ಕೆ ಹನ್ನೊಂದು ಷರತ್ತು ಬೇರೆ.

ಬುದ್ಧಿವಂತರಿಗೆ ವರ್ಷ ಹಿಡಿಯುವ ಕೆಲಸ!

"ಇನ್ನಾದ್ರೂ ಕೆಡಿಸಬ್ಯಾಡೋ ಮಾರಾಯ," ಅಂದಳು ದ್ಯಾಮವ್ವ. "ಕೊರೆಯೋರ ಜೋಡಿ ಇರು. ಆದೇಶದಾಗ ಏನು ಬರದೈತೋ ಅದನ್ನ ಒಂದೂ ಬಿಡದಂಗ ಮಾಡು!"

"ಒಂದೂ ಬಿಡೂದಿಲ್ಲವ್ವ!"

ಯಂತ್ರ ಬಂತು. ಮೂರು ದಿನ ಒಡ್ಡನ್ನು ನಾಲ್ಕು ಕಡೆ ಕೊರೆಯಿತು. ಇಂಜಿನಿಯರರು ಒಂದೊಂದು ಆಳದ ಮಣ್ಣನ್ನೂ ಒಂದೊಂದು ಕೊಳವೆಯಲ್ಲಿ ತುಂಬಿ, ಚೀಟಿ ಅಂಟಿಸಿ, ಕೂಸಿನ ಹಾಗೆ ಪೆಟ್ಟಿಗೆಯಲ್ಲಿ ಮಲಗಿಸಿದರು. ಯಂತ್ರ ಬೇರೆ ಜಿಲ್ಲೆಗೆ ಹೊರಟಿತು. "ಪರೀಕ್ಷೆಗೆ ಒಯ್ಯಲು ಜೀಪು ತರ್ತೀನಪ್ಪ, ಇಲ್ಲೇ ಇರು," ಎಂದು ಅವರೂ ಹೋದರು.

ಸಂಕಣ್ಣ ಆದೇಶ ಬಿಡಿಸಿ, ಬೆರಳಿಟ್ಟು ಓದಿದ. ಒಂಬತ್ತನೆಯ ಷರತ್ತು: 'ಕೊರೆದು ತೆಗೆದ ಎಲ್ಲ ಮಣ್ಣನ್ನೂ ಆಯಾ ಗುಂಡಿಗೇ ತುಂಬಿ, ಒಡ್ಡನ್ನು ಮೊದಲಿನ ಸ್ಥಿತಿಗೆ ತರತಕ್ಕದ್ದು.'

ಇಂಜಿನಿಯರರು ಬಂದಾಗ ಸಂಕಣ್ಣ ನಾಲ್ಕನೆಯ ಗುಂಡಿಯ ಮೇಲೆ ನಿಂತು ಕಾಲಲ್ಲಿ ತುಳಿಯುತ್ತಿದ್ದ.

"ಪೆಟ್ಟಿಗೆಯ ಮಣ್ಣೆಲ್ಲೋ?"

"ತುಂಬೀನ್ರಿ! ಚೀಟಿ ನೋಡಿ, ಯಾವ ಗುಂಡಿದು ಆ ಗುಂಡಿಗೇ. ಒಂದು ಹಿಡಿ ಉಳಿಸಿಲ್ರಿ!"

ಇಂಜಿನಿಯರರು ಖಾಲಿ ಪೆಟ್ಟಿಗೆಯ ಮೇಲೆ ಕುಸಿದು ಕೂತರು. ಮತ್ತೆ ಕೊರೆಯಬೇಕಾದರೆ ಮತ್ತೆ ಅರ್ಜಿ, ಮತ್ತೆ ಅಪ್ಪಣೆ. ಮರುದಿನ ಸಾಹೇಬರೇ ಒಡ್ಡಿಗೆ ಬಂದು, ಕೊರೆದ ಗುರುತೂ ಕಾಣದೆ ಹಿಗ್ಗಿ, 'ಷರತ್ತುಗಳನ್ನು ಇಷ್ಟು ನಿಷ್ಠೆಯಿಂದ ಪಾಲಿಸಿದ್ದು ಈ ತಾಲೂಕಿನಲ್ಲಿ ಇದೇ ಮೊದಲು' ಎಂದು ಬರೆದು ಸಹಿ ಹಾಕಿದರು. ಆ ಕಾಗದದ ಮೇಲೆ ಎರಡು ಹನಿ ಮಳೆ ಬಿತ್ತು.

ದ್ಯಾಮವ್ವ ಹೊಸಿಲಲ್ಲೇ ಕೇಳಿದಳು. "ಒಡ್ಡು ಗಟ್ಟಿ ಐತೋ ಇಲ್ಲೋ, ಗೊತ್ತಾತೇನೋ?"

"ಗೊತ್ತಾಗದ ಏನವ್ವ? ಮೊದಲು ಹೆಂಗಿತ್ತೋ ಹಂಗೇ ಐತಿ! ಸಾಹೇಬ್ರೇ ಸಹಿ ಹಾಕ್ಯಾರ!"

ದ್ಯಾಮವ್ವ ಜೋಳದ ಚೀಲವನ್ನು ಬೆನ್ನಿಗೇರಿಸಿಕೊಂಡು ಮಾಳಿಗೆಯ ಏಣಿ ಹತ್ತಿದಳು.